ಟೆವಾರ್ ನಂತರ ಮಹಾಪಧಮನಿ ಕೂಡಿಕೊಳ್ಳದು ಎಂಬುದನ್ನು ಮೊದಲೇ ಗುರುತಿಸುವುದು ಹೇಗೆ? ಅಳತೆ, ಸ್ಕ್ಯಾನ್, ಸ್ಕೋರ್‌ಗಳ ಹೋಲಿಕೆ

ಟೈಪ್ ಬಿ ಡಿಸೆಕ್ಷನ್ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿ, ಅಂದರೆ ಅಯೋರ್ಟಾದ, ಇಳಿಮುಖ ಭಾಗದ ಒಳಪದರ ಸೀಳುವುದು) ಆದವರಿಗೆ ಟೆವಾರ್ ವಿಧಾನದಲ್ಲಿ, ಅಂದರೆ ರಕ್ತನಾಳದ ಮೂಲಕವೇ, ಸ್ಟೆಂಟ್ ಗ್ರಾಫ್ಟ್ ಕೂರಿಸಿ ಮನೆಗೆ ಕಳುಹಿಸಿದ ಮೇಲೂ ಒಂದು ಪ್ರಶ್ನೆ ಉಳಿದೇ ಇರುತ್ತದೆ. ಸೀಳಿದ ಈ ನಾಳ ಕೂಡಿಕೊಳ್ಳುತ್ತದೆಯೇ, ಇಲ್ಲಾ ಕೆಲವು ವರ್ಷಗಳಲ್ಲಿ ಊದಿ ಮತ್ತೊಂದು ದೊಡ್ಡ ಚಿಕಿತ್ಸೆ ಬೇಡುತ್ತದೆಯೇ? ಉತ್ತರ ಕೊಡಬಲ್ಲೆವೆಂದು ಮುಂದೆ ಬರುವ ಸಾಧನಗಳು ಈಗ ಹಲವು: ಸಿ.ಟಿ.ಯಲ್ಲಿ ಅಳೆದ ವ್ಯಾಸ, ಘನಗಾತ್ರದ ಲೆಕ್ಕ, ಎಂ.ಆರ್.ಐ.ಯ ಹರಿವಿನ ಚಿತ್ರ, ಪೆಟ್ ಸ್ಕ್ಯಾನ್, ರಕ್ತಪರೀಕ್ಷೆ, ಕಂಪ್ಯೂಟರ್ ಲೆಕ್ಕಾಚಾರ, ಕೃತಕ ಬುದ್ಧಿಮತ್ತೆಯ ಸ್ಕೋರ್. ಎಲ್ಲವನ್ನೂ ಎಲ್ಲರಿಗೂ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಯಾವ ನಿರ್ಧಾರಕ್ಕಾಗಿ ಊಹಿಸುತ್ತಿದ್ದೇವೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡರೆ ಆಯ್ಕೆ ತಾನಾಗಿ ಕಿರಿದಾಗುತ್ತದೆ. ಬಹುಪಾಲು ರೋಗಿಗಳಿಗೆ, ಒಂದೇ ಕ್ರಮದಲ್ಲಿ ಮತ್ತೆ ಮತ್ತೆ ತೆಗೆದ, ತಡವಾದ ಹಂತವೂ (ಕಾಂಟ್ರಾಸ್ಟ್ ಕೊಟ್ಟು ಸ್ವಲ್ಪ ಹೊತ್ತು ಬಿಟ್ಟು ತೆಗೆದ ಚಿತ್ರವೂ) ಇರುವ ಸಿ.ಟಿ.ಯೇ ಉಳಿದೆಲ್ಲಕ್ಕಿಂತ ಹೆಚ್ಚು ಹೇಳುತ್ತದೆ.

ಇದು ಈ ರೋಗಿಗಳನ್ನು ನೋಡಿಕೊಳ್ಳುವ ವೈದ್ಯರಿಗೆ, ರೇಡಿಯಾಲಜಿ ವಿಭಾಗದವರಿಗೆ, ರಿಪೋರ್ಟ್ ಹಿಡಿದು ಅರ್ಥ ಮಾಡಿಕೊಳ್ಳಲು ಕುಳಿತ ಮನೆಯವರಿಗೆ ಬರೆದದ್ದು. ರಕ್ತ ಹರಿಯುವ ಸಹಜ ದಾರಿಯಾದ ಟ್ರೂ ಲ್ಯೂಮೆನ್ ಅನ್ನು ನಿಜನಾಳ, ಸೀಳಿನಿಂದಾದ ದಾರಿಯಾದ ಫಾಲ್ಸ್ ಲ್ಯೂಮೆನ್ ಅನ್ನು ಹುಸಿನಾಳ ಎಂದು ಕರೆಯುತ್ತೇವೆ. ರಿಪೋರ್ಟಿನಲ್ಲಿ ಇಂಗ್ಲಿಷ್ ಹೆಸರುಗಳೇ ಇರುತ್ತವೆ.

ಏನು ನಡೆಯಬೇಕು, ಏನು ನಡೆಯುವುದಿಲ್ಲ

ಮಹಾಪಧಮನಿಯ ಒಳಪದರ ಸೀಳಿದಾಗ ರಕ್ತ ಗೋಡೆಯ ನಡುಪದರಕ್ಕೆ ನುಗ್ಗಿ ಎರಡನೆಯ ದಾರಿ ಮಾಡಿಕೊಳ್ಳುತ್ತದೆ. ಅದೇ ಹುಸಿನಾಳ. ಎಡಗೈಗೆ ಹೋಗುವ ಸಬ್‌ಕ್ಲೇವಿಯನ್ ರಕ್ತನಾಳದ ಆಸುಪಾಸಿನಲ್ಲಿ ಶುರುವಾಗಿ ಕೆಳಕ್ಕೆ ಇಳಿಯುವುದು ಸಾಮಾನ್ಯ ಟೈಪ್ ಬಿ. ಟೆವಾರ್‌ನಲ್ಲಿ ತೊಡೆಯ ರಕ್ತನಾಳದ ಮೂಲಕ ಬಟ್ಟೆ ಹೊದಿಸಿದ ಸ್ಟೆಂಟ್ ತಂದು ಮೇಲಿನ ಮುಖ್ಯ ಸೀಳನ್ನು ಮುಚ್ಚುತ್ತಾರೆ. ಡಿಸೆಕ್ಷನ್‌ಗೆ ಈ ವಿಧಾನ ಬಳಸಿದ ಎರಡು ಮೊದಲ ವರದಿಗಳು, ಸ್ಟ್ಯಾನ್‌ಫರ್ಡ್‌ನ ಡೇಕ್ ತಂಡದ್ದು ಮತ್ತು ಜರ್ಮನಿಯ ನೀನಾಬರ್ ತಂಡದ್ದು, 1999ರಲ್ಲಿ ಬಂದವು.

ಎಣಿಕೆ ಸರಳ: ಒಳಹರಿವು ನಿಂತರೆ ಹುಸಿನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಹೆಪ್ಪು ಕುಗ್ಗುತ್ತದೆ, ನಿಜನಾಳ ಅರಳುತ್ತದೆ. ಇದನ್ನೇ ರೀಮಾಡೆಲಿಂಗ್ ಎನ್ನುವುದು. ಆದರೆ ಮೇಲಿನ ತೂಬು ಮುಚ್ಚಿದರೂ ಕೆಳಗಿನ ಬಿರುಕುಗಳಿಂದ ನೀರು ಹಿಮ್ಮುಖವಾಗಿ ಏರುವ ಕಾಲುವೆಯಂತೆ, ಹೊಟ್ಟೆಯ ಮಟ್ಟದ ಮರುಪ್ರವೇಶ ಸೀಳುಗಳಿಂದ ಹುಸಿನಾಳಕ್ಕೆ ರಕ್ತ ಬರುತ್ತಲೇ ಇರಬಹುದು. ಹುಸಿನಾಳದಿಂದಲೇ ಹೊರಟ ಕವಲುಗಳು ಅದನ್ನು ಹರಿಯುವಂತೆ ಇಟ್ಟುಕೊಳ್ಳುತ್ತವೆ. ಹಾಗಾಗಿ ಸ್ಟೆಂಟ್ ಇರುವ ಎದೆಯ ಭಾಗ ಚೆನ್ನಾಗಿ ಕೂಡಿಕೊಂಡು, ಹೊಟ್ಟೆಯ ಭಾಗ ತೆರೆದೇ ಉಳಿಯುವುದು ಬಹಳ ಸಾಮಾನ್ಯ. "ಅಯೋರ್ಟಾ ವಾಸಿಯಾಗಿದೆ" ಎಂಬ ಒಂದೇ ಸಾಲಿನ ರಿಪೋರ್ಟ್ ಅದಕ್ಕೇ ಸಾಲದು. ಸ್ಟೆಂಟ್‌ನ ಭಾಗ, ಅದರ ಕೆಳಗಿನಿಂದ ಸೀಲಿಯಾಕ್ ಕವಲಿನವರೆಗಿನ (ಜಠರ, ಯಕೃತ್ತಿಗೆ ಹೋಗುವ ರಕ್ತನಾಳದವರೆಗಿನ) ಭಾಗ, ಮೂತ್ರಪಿಂಡದ ರಕ್ತನಾಳಗಳ ಕೆಳಗಿನ ಭಾಗ, ಹೀಗೆ ಮೂರನ್ನಾದರೂ ಬೇರೆ ಬೇರೆಯಾಗಿ ಹೇಳಬೇಕು, ಬೇರೆ ಬೇರೆಯಾಗಿಯೇ ಊಹಿಸಬೇಕು.

ಊಹಿಸುವುದಕ್ಕೆ ಕಾರಣವೂ ಗಟ್ಟಿಯಾಗಿದೆ. ತೊಡಕಿಲ್ಲದ ಟೈಪ್ ಬಿ ಇದ್ದ 140 ಜನರ ಇನ್‌ಸ್ಟೆಡ್ ಪ್ರಯೋಗದಲ್ಲಿ, ಎರಡು ವರ್ಷಕ್ಕೆ ಸ್ಟೆಂಟ್ ಗುಂಪಿನ ಶೇ. 91.3 ಮಂದಿಯಲ್ಲಿ ರೀಮಾಡೆಲಿಂಗ್ ಕಂಡಿತು, ಔಷಧ ಮಾತ್ರದ ಗುಂಪಿನಲ್ಲಿ ಶೇ. 19.4. ಆದರೂ ಆ ಎರಡು ವರ್ಷದಲ್ಲಿ ಬದುಕುಳಿದವರ ಪ್ರಮಾಣದಲ್ಲಿ ವ್ಯತ್ಯಾಸ ಇರಲಿಲ್ಲ. ಐದು ವರ್ಷದ ಲೆಕ್ಕ 2013ರಲ್ಲಿ ಬಂದಾಗ ಮಹಾಪಧಮನಿಯ ಕಾರಣಕ್ಕೇ ಆದ ಸಾವು ಸ್ಟೆಂಟ್ ಗುಂಪಿನಲ್ಲಿ ಶೇ. 6.9, ಔಷಧದ ಗುಂಪಿನಲ್ಲಿ ಶೇ. 19.3. ಅಂದರೆ ನಾಳದ ಆಕಾರದಲ್ಲಿ ಕಾಣುವ ಬದಲಾವಣೆ ಜೀವಕ್ಕೆ ತಟ್ಟಲು ವರ್ಷಗಳು ಹಿಡಿಯುತ್ತವೆ. ಆ ಅವಧಿಯಲ್ಲಿ ಯಾರನ್ನು ಹತ್ತಿರದಿಂದ ಕಾಯಬೇಕು ಎಂದು ತಿಳಿಯುವುದೇ ಊಹೆಯ ಕೆಲಸ.

"ಸರಿಯಾಗಿ ವಾಸಿಯಾಗಿಲ್ಲ" ಎಂದರೆ ಏನು: ಮೂರು ಅಳತೆಗೋಲು

ಎರಡು ಅಧ್ಯಯನಗಳು ಒಂದಕ್ಕೊಂದು ಹೊಂದದಂತೆ ಕಾಣುವುದಕ್ಕೆ ಅನೇಕ ಸಲ ಕಾರಣ ಇದೇ. ಒಂದು ಹೆಪ್ಪನ್ನು ನೋಡಿರುತ್ತದೆ, ಇನ್ನೊಂದು ವ್ಯಾಸವನ್ನು.

ಹುಸಿನಾಳದ ಸ್ಥಿತಿಯನ್ನು ತೆರೆದಿದೆ, ಅರ್ಧ ಹೆಪ್ಪುಗಟ್ಟಿದೆ, ಪೂರ್ತಿ ಹೆಪ್ಪುಗಟ್ಟಿದೆ ಎಂದು ಮೂರಾಗಿ ವಿಂಗಡಿಸುವುದು ಬೇಗ ಆಗುವ ಕೆಲಸ. ದೋಷವೂ ಇಲ್ಲೇ ಬೇಗ ನುಸುಳುತ್ತದೆ. ಹುಸಿನಾಳದ ಹರಿವು ನಿಧಾನ. ಕಾಂಟ್ರಾಸ್ಟ್ (ಚಿತ್ರದಲ್ಲಿ ರಕ್ತ ಬೆಳಗಲು ಚುಚ್ಚುವ ದ್ರವ) ಕೊಟ್ಟು ಆರ್ಟೀರಿಯಲ್ ಹಂತದಲ್ಲಷ್ಟೇ, ಅಂದರೆ ಅದು ಅಪಧಮನಿಗಳಿಗೆ ತಲುಪಿದ ಕೂಡಲೇ, ಚಿತ್ರ ತೆಗೆದರೆ ಬಣ್ಣ ಅಲ್ಲಿಗೆ ತಲುಪಿರುವುದೇ ಇಲ್ಲ, ತೆರೆದ ನಾಳ ಹೆಪ್ಪಿನಂತೆ ಕಾಣುತ್ತದೆ. ಸುಮಾರು 60ರಿಂದ 120 ಸೆಕೆಂಡ್ ಬಿಟ್ಟು ತೆಗೆದ ತಡವಾದ ಹಂತ ಇಲ್ಲದ ರಿಪೋರ್ಟಿನಲ್ಲಿ "ಪೂರ್ತಿ ಹೆಪ್ಪುಗಟ್ಟಿದೆ" ಎಂಬ ಮಾತನ್ನು ನಂಬಿ ಫಾಲೋ-ಅಪ್ ಮುಂದೂಡಬಾರದು.

ಅತಿ ಹೆಚ್ಚಿನ ವ್ಯಾಸ ಎಲ್ಲೆಡೆ ಅಳೆಯಬಹುದಾದ್ದು. ನಾಳದ ನಡುರೇಖೆಗೆ ಲಂಬವಾಗಿ, ಹೊರಗೋಡೆಯಿಂದ ಹೊರಗೋಡೆಗೆ, ಪ್ರತಿಸಲ ಅದೇ ಮಟ್ಟದಲ್ಲಿ ಅಳೆಯಬೇಕು. ಅಡ್ಡ ಚಿತ್ರದ ಮೇಲೆ ನೇರ ಗೆರೆ ಎಳೆದರೆ ಬಾಗಿದ ನಾಳ ಇದ್ದದ್ದಕ್ಕಿಂತ ದಪ್ಪ ಕಾಣುತ್ತದೆ. ಅಳೆಯುವವರ ನಡುವೆಯೇ ಕೆಲವು ಮಿ.ಮೀ. ವ್ಯತ್ಯಾಸ ಬರುವುದರಿಂದ 5 ಮಿ.ಮೀ. ಅಥವಾ ಹೆಚ್ಚು ಬದಲಾದಾಗ ಮಾತ್ರ ಬೆಳವಣಿಗೆ ಎನ್ನುವುದು ರೂಢಿ. ವ್ಯಾಸಕ್ಕೆ ಒಂದು ಕುರುಡು ಜಾಗ ಇದೆ. ಒಟ್ಟು ವ್ಯಾಸ 40 ಮಿ.ಮೀ.ನಲ್ಲೇ ನಿಂತಿದ್ದು ನಿಜನಾಳ 15ರಿಂದ 25 ಮಿ.ಮೀ.ಗೆ ಅರಳಿದ್ದರೆ ಅದು ಒಳ್ಳೆಯ ಚೇತರಿಕೆ. ಒಟ್ಟು ವ್ಯಾಸ ಮಾತ್ರ ಬರೆದ ರಿಪೋರ್ಟ್ ಇದನ್ನು "ಬದಲಾವಣೆ ಇಲ್ಲ" ಎನ್ನುತ್ತದೆ.

ಘನಗಾತ್ರ ಈ ಕೊರತೆ ತುಂಬುತ್ತದೆ. ನಿಜನಾಳ, ಹುಸಿನಾಳ, ಹೆಪ್ಪು ಮೂರನ್ನೂ ಬೇರೆ ಬಣ್ಣದಲ್ಲಿ ಗುರುತಿಸಿ ಮಿ.ಲೀ. ಲೆಕ್ಕದಲ್ಲಿ ಹೇಳುವುದು. ಶೇ. 10ಕ್ಕಿಂತ ಹೆಚ್ಚಿನ ಏರಿಳಿತವನ್ನು ಬದಲಾವಣೆ ಎಂದು ಹಿಡಿಯುವ ಅಧ್ಯಯನಗಳು ಹಲವು. ವ್ಯಾಸ ಇನ್ನೂ ಅಲುಗದಿರುವಾಗ ಘನಗಾತ್ರ ಏರುವುದನ್ನು ಹಿಡಿಯಬಹುದು. ಬೇಕಾದದ್ದು ಸಾಫ್ಟ್‌ವೇರ್, ತೆಳು ಸ್ಲೈಸ್ (1 ಮಿ.ಮೀ. ಅಥವಾ ಕಡಿಮೆ), ಮತ್ತು ಕೈಯಿಂದ ತಿದ್ದಲು ಸಮಯ. ಸ್ಟೆಂಟ್‌ನ ಲೋಹ, ಅರೆಬರೆ ಹೆಪ್ಪು ಇರುವ ಕಡೆ ಸಾಫ್ಟ್‌ವೇರ್ ತಾನೇ ಎಳೆದ ಗೆರೆ ತಪ್ಪುತ್ತದೆ.

ದಿನನಿತ್ಯದ ಕೆಲಸಕ್ಕೆ ಮೂರು ಭಾಗಗಳ ವ್ಯಾಸ, ನಿಜನಾಳ ಮತ್ತು ಹುಸಿನಾಳ ಬೇರೆ ಬೇರೆಯಾಗಿ, ಜೊತೆಗೆ ತಡವಾದ ಹಂತದ ಹೆಪ್ಪಿನ ಸ್ಥಿತಿ ಸಾಕು. ಅನುಮಾನ ಬಂದವರಿಗೆ ಮತ್ತು ಅಧ್ಯಯನಕ್ಕೆ ಘನಗಾತ್ರ.

ಸ್ಟೆಂಟ್‌ಗೆ ಮುಂಚಿನ ಸಿ.ಟಿ. ಏನು ಹೇಳಬಲ್ಲದು

ಮುಂಚಿನ ಚಿತ್ರ ಎರಡು ನಿರ್ಧಾರಕ್ಕೆ ನೆರವಾಗುತ್ತದೆ. ತೊಡಕಿಲ್ಲದ ರೋಗಿಗೆ ಸ್ಟೆಂಟ್ ಹಾಕಬೇಕೇ, ಹಾಕುವುದಾದರೆ ಯಾವಾಗ ಮತ್ತು ಎಷ್ಟು ಉದ್ದ. ಅಮೆರಿಕದ ರಕ್ತನಾಳ ಮತ್ತು ಎದೆ ಶಸ್ತ್ರಚಿಕಿತ್ಸಕರ ಸಂಘಗಳಾದ ಎಸ್.ವಿ.ಎಸ್. ಮತ್ತು ಎಸ್.ಟಿ.ಎಸ್. 2020ರಲ್ಲಿ ಹೊರತಂದ ವರದಿ ಮಾನದಂಡ ಅಪಾಯ ಹೆಚ್ಚಿಸುವ ಲಕ್ಷಣಗಳನ್ನು ಹೆಸರಿಸಿದೆ: ಒಟ್ಟು ವ್ಯಾಸ 40 ಮಿ.ಮೀ.ಗಿಂತ ಹೆಚ್ಚು, ಹುಸಿನಾಳದ ವ್ಯಾಸ 22 ಮಿ.ಮೀ.ಗಿಂತ ಹೆಚ್ಚು, ಆರ್ಚ್‌ನ (ಮಹಾಪಧಮನಿ ಕಮಾನಿನಂತೆ ಬಾಗುವ ಜಾಗದ) ಒಳಬಾಗಿನ ಕಡೆ ಇರುವ ಪ್ರವೇಶ ಸೀಳು, ಎದೆಗೂಡಿನಲ್ಲಿ ರಕ್ತಮಿಶ್ರಿತ ನೀರು, ರೋಗಲಕ್ಷಣವಿಲ್ಲದೆ ಚಿತ್ರದಲ್ಲಷ್ಟೇ ಕಾಣುವ ಅಂಗದ ರಕ್ತಕೊರತೆ, ಔಷಧಕ್ಕೆ ಬಗ್ಗದ ನೋವು ಅಥವಾ ಬಿ.ಪಿ., ಮತ್ತೆ ಆಸ್ಪತ್ರೆಗೆ ದಾಖಲಾಗಬೇಕಾಗಿ ಬಂದದ್ದು. 10 ಮಿ.ಮೀ. ಅಥವಾ ದೊಡ್ಡ ಪ್ರವೇಶ ಸೀಳು ಮುಂದಿನ ತೊಂದರೆಗಳ ಸೂಚಕ ಎಂಬುದು ಸ್ಪೇನ್‌ನ ಇವಾಂಜೆಲಿಸ್ಟಾ ತಂಡ 2012ರಲ್ಲಿ ತೋರಿಸಿದ್ದು.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಈ ಸಂಖ್ಯೆಗಳಲ್ಲಿ ಹೆಚ್ಚಿನವು ಬಂದದ್ದು ಔಷಧದಲ್ಲೇ ಇದ್ದ, ಸ್ಟೆಂಟ್ ಹಾಕದ ರೋಗಿಗಳಿಂದ. ಅವನ್ನು ಎತ್ತಿ ಸ್ಟೆಂಟ್ ಹಾಕಿದವರಿಗೆ ಹಚ್ಚಿದರೆ ಕೆಲವು ಸೂಚಕಗಳ ದಿಕ್ಕೇ ತಿರುಗುತ್ತದೆ. ಔಷಧದಲ್ಲಿರುವವರಲ್ಲಿ ಒಂದೇ ಸೀಳು ಇದ್ದವರ ನಾಳ ಎರಡು ಮೂರು ಸೀಳು ಇದ್ದವರಿಗಿಂತ ಬೇಗ ಬೆಳೆದದ್ದು ವರದಿಯಾಗಿದೆ. ಸ್ಟ್ಯಾನ್‌ಫರ್ಡ್‌ನಿಂದ 2017ರಲ್ಲಿ ಬಂದ ಸೈಲರ್ ಮಾದರಿಯ ಐದು ಅಂಶಗಳು ಇವು: ಕನೆಕ್ಟಿವ್ ಟಿಶ್ಯೂ ಕಾಯಿಲೆ (ಅಂಗಾಂಶಗಳನ್ನು ಬೆಸೆಯುವ ನಾರಿನ ದೋಷ), ಹುಸಿನಾಳ ಸುತ್ತಳತೆಯ ಎಷ್ಟು ಡಿಗ್ರಿ ಆವರಿಸಿದೆ, ಗರಿಷ್ಠ ವ್ಯಾಸ, ಹುಸಿನಾಳದ ಹೊರಹರಿವು, ಪಕ್ಕೆಲುಬಿನ ರಕ್ತನಾಳಗಳ ಸಂಖ್ಯೆ. ಅದರಲ್ಲೂ ಆ ಪುಟ್ಟ ಕವಲುಗಳು ಹೆಚ್ಚಿದ್ದಷ್ಟೂ ಅಪಾಯ ಕಡಿಮೆ. ಕಾರಣ ಒತ್ತಡ: ಒಳಬಂದ ರಕ್ತಕ್ಕೆ ಹೊರದಾರಿ ಇದ್ದರೆ ಹುಸಿನಾಳ ಬಿಗಿಯುವುದಿಲ್ಲ. ಸ್ಟೆಂಟ್ ಹಾಕಿದ ಮೇಲೆ ನಮಗೆ ಬೇಕಾದದ್ದು ಇದಕ್ಕೆ ವಿರುದ್ಧ, ಹರಿವು ನಿಂತು ಹೆಪ್ಪುಗಟ್ಟಬೇಕು. ಆಗ ಅದೇ ಕೆಳಸೀಳುಗಳು, ಹುಸಿನಾಳದಿಂದ ಹೊರಟ ಅದೇ ಕವಲುಗಳು ಹೆಪ್ಪಿಗೆ ಅಡ್ಡ ಬರುತ್ತವೆ. ಹಾಗಾಗಿ ಯಾವುದೇ ಸ್ಕೋರ್ ಕೈಗೆ ಸಿಕ್ಕಾಗ ಕೇಳಬೇಕಾದ ಮೊದಲ ಪ್ರಶ್ನೆ: ಇದನ್ನು ಕಟ್ಟಿದ್ದು ಯಾವ ರೋಗಿಗಳ ಮೇಲೆ?

ಸ್ಟೆಂಟ್ ಹಾಕುವವರಿಗಾಗಿಯೇ ನೋಡಬೇಕಾದ ಮುಂಚಿನ ಅಂಶಗಳು ಮೂರು. ಮೊದಲನೆಯದು ಸಮಯ. 24 ಗಂಟೆಯೊಳಗೆ ಹೈಪರ್‌ಅಕ್ಯೂಟ್, 14 ದಿನದವರೆಗೆ ಅಕ್ಯೂಟ್, 15ರಿಂದ 90 ದಿನ ಸಬ್‌ಅಕ್ಯೂಟ್, ಆಮೇಲೆ ಕ್ರಾನಿಕ್. ಟೆವಾರ್ ಆದ 100 ರೋಗಿಗಳ ವರ್ಚ್ಯೂ ನೋಂದಣಿಯಲ್ಲಿ ಅಕ್ಯೂಟ್ ಮತ್ತು ಸಬ್‌ಅಕ್ಯೂಟ್ ಹಂತದವರ ನಾಳ ಕ್ರಾನಿಕ್ ಹಂತದವರಿಗಿಂತ ಚೆನ್ನಾಗಿ ಕೂಡಿಕೊಂಡಿತು. ದಿನ ಕಳೆದಂತೆ ನಡುವಿನ ಪದರ ದಪ್ಪಗಾಗಿ ಗಡುಸಾಗುತ್ತದೆ, ಸ್ಟೆಂಟ್ ತಳ್ಳಿದರೂ ಜರುಗುವುದಿಲ್ಲ. ಎರಡನೆಯದು ಹೊಟ್ಟೆಯ ಕವಲುಗಳ ಪಟ್ಟಿ: ಸೀಲಿಯಾಕ್, ಎಸ್.ಎಂ.ಎ. (ಕರುಳಿನ ಮುಖ್ಯ ರಕ್ತನಾಳ), ಎರಡು ಮೂತ್ರಪಿಂಡದ ರಕ್ತನಾಳಗಳಲ್ಲಿ ಯಾವುದು ಹುಸಿನಾಳದಿಂದ ಹೊರಟಿದೆ, ಪ್ರತಿ ಮರುಪ್ರವೇಶ ಸೀಳು ಎಲ್ಲಿದೆ, ಎಷ್ಟು ಮಿ.ಮೀ. ಇದೆ. ಮೂರನೆಯದು ಮಾರ್ಫನ್, ಲೋಯಿಸ್-ಡೀಟ್ಜ್‌ನಂಥ ಆನುವಂಶಿಕ ಕಾಯಿಲೆ. ಇಂಥವರಲ್ಲಿ ಉಳಿದ ಲಕ್ಷಣಗಳೆಲ್ಲ ಒಳ್ಳೆಯದಾಗಿದ್ದರೂ ಕಡಿಮೆ ಅಪಾಯದವರೆಂದು ಬರೆಯಬಾರದು.

ಮೊದಲ ತಿಂಗಳ ಸಿ.ಟಿ.: ನಮ್ಮ ಮಟ್ಟಿಗೆ ಅತಿ ಬೆಲೆಯುಳ್ಳದ್ದು

ಮುಂಚಿನ ಸಿ.ಟಿ. ಹೇಳುವುದು ಸಾಧ್ಯತೆಯನ್ನು. ಮೊದಲ ತಿಂಗಳ ಸಿ.ಟಿ. ಹೇಳುವುದು ಸೀಳು ನಿಜವಾಗಿ ಮುಚ್ಚಿದೆಯೋ ಇಲ್ಲವೋ ಎಂಬುದನ್ನು. ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾವು ಎರಡನೆಯದನ್ನು ಆರಿಸುತ್ತೇವೆ. ಕ್ರಮ ಹೀಗಿರಲಿ: ಮೊದಲು ಕಾಂಟ್ರಾಸ್ಟ್ ಇಲ್ಲದೆ, ಆಮೇಲೆ ಆರ್ಟೀರಿಯಲ್ ಹಂತ, ಕೊನೆಗೆ ತಡವಾದ ಹಂತ. ಕುತ್ತಿಗೆಯ ಬುಡದಿಂದ ತೊಡೆಯ ರಕ್ತನಾಳದವರೆಗೆ. ಆರ್ಚ್ ಮತ್ತು ಮೇಲ್ಮುಖ ಭಾಗ ಅಲುಗದೆ ಕಾಣಲು ಇ.ಸಿ.ಜಿ. ಗೇಟಿಂಗ್ (ಹೃದಯಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯುವುದು) ಇದ್ದರೆ ಒಳ್ಳೆಯದು.

ಚಿತ್ರ ಓದುವಾಗ ಹುಸಿನಾಳಕ್ಕೆ ರಕ್ತ ಇನ್ನೂ ಎಲ್ಲಿಂದ ಬರುತ್ತಿದೆ ಎಂದು ಮೇಲಿನಿಂದ ಕೆಳಕ್ಕೆ ಹುಡುಕಬೇಕು. ಗ್ರಾಫ್ಟ್‌ನ ಮೇಲ್ತುದಿಯ ಪಕ್ಕದಿಂದ ಬರುತ್ತಿದ್ದರೆ ಅದು ಟೈಪ್ 1ಎ ಎಂಡೋಲೀಕ್, ಅಂದರೆ ಗ್ರಾಫ್ಟ್‌ನ ಹೊರಗೆ ರಕ್ತ ಸೋರುವುದು. ಇದು ತಾನಾಗಿ ನಿಲ್ಲುತ್ತದೆಂದು ಕಾಯುವಂಥದ್ದಲ್ಲ, ಬೇಗ ಸರಿಪಡಿಸಬೇಕಾದದ್ದು. ಮುಚ್ಚಿದ ಎಡ ಸಬ್‌ಕ್ಲೇವಿಯನ್‌ನಿಂದ ಹಿಮ್ಮುಖವಾಗಿ ಬರುತ್ತಿದ್ದರೆ ಟೈಪ್ 2. ಅದರ ಬುಡವನ್ನು ಕಾಯಿಲ್ ಅಥವಾ ಪ್ಲಗ್ ಇಟ್ಟು ಮುಚ್ಚಬಹುದು. ಗ್ರಾಫ್ಟ್‌ನ ಕೆಳಗಿನ ಸೀಳುಗಳಿಂದ ಮೇಲಕ್ಕೆ ಏರುತ್ತಿದ್ದರೆ ಅದು ಬಹಳ ಜನರಲ್ಲಿ ಕಾಣುವಂಥದ್ದು. ಎಷ್ಟು ಎತ್ತರಕ್ಕೆ ಏರುತ್ತಿದೆ ಎಂಬುದು ಮುಖ್ಯ. ಸ್ಟೆಂಟ್ ಭಾಗದ ಪಕ್ಕದಲ್ಲೇ ಹುಸಿನಾಳ ಇನ್ನೂ ಬೆಳಗುತ್ತಿದ್ದರೆ ಆ ರೋಗಿ ಅಪಾಯದ ಪಟ್ಟಿಗೆ ಸೇರಬೇಕು.

ಅರ್ಧ ಹೆಪ್ಪಿನ ಬಗ್ಗೆ ಒಂದು ಮಾತು. 2007ರಲ್ಲಿ ಡಿಸೆಕ್ಷನ್ ರೋಗಿಗಳ ಅಂತರರಾಷ್ಟ್ರೀಯ ನೋಂದಣಿಯಾದ ಐರಾಡ್‌ನ 201 ರೋಗಿಗಳ ವರದಿಯಲ್ಲಿ ಮೂರು ವರ್ಷದ ಸಾವಿನ ಪ್ರಮಾಣ ತೆರೆದ ಹುಸಿನಾಳದಲ್ಲಿ ಶೇ. 13.7, ಪೂರ್ತಿ ಹೆಪ್ಪಿನಲ್ಲಿ ಶೇ. 22.6, ಅರ್ಧ ಹೆಪ್ಪಿನಲ್ಲಿ ಶೇ. 31.6. ಕೆಳಗಿನ ಹೊರದಾರಿಯನ್ನು ಹೆಪ್ಪು ಕಟ್ಟಿಹಾಕಿ ಹುಸಿನಾಳ ಬಾಯಿ ಮಾತ್ರ ಇರುವ ಚೀಲವಾದರೆ ಒತ್ತಡ ಏರುತ್ತದೆ ಎಂಬುದು ಅದಕ್ಕೆ ಕೊಟ್ಟ ವಿವರಣೆ. ನಂತರದ ಅಧ್ಯಯನಗಳೆಲ್ಲ ಇದನ್ನು ಒಂದೇ ದನಿಯಲ್ಲಿ ಸಮರ್ಥಿಸಿಲ್ಲ. ಸ್ಟೆಂಟ್ ಹಾಕಿದ ಒಂದು ತಿಂಗಳಿಗೆ ಕಾಣುವ ಅರ್ಧ ಹೆಪ್ಪು ಪೂರ್ತಿ ಹೆಪ್ಪಿನತ್ತ ಸಾಗುವ ನಡುವಿನ ಹಂತವೂ ಆಗಿರಬಹುದು. ಆ ಒಂದು ಚಿತ್ರದಿಂದ ತೀರ್ಪು ಕೊಡದೆ, ಆರನೆಯ ತಿಂಗಳಿಗೆ ಅದು ಹಾಗೆಯೇ ಇದೆಯೇ, ಜೊತೆಗೆ ವ್ಯಾಸ ಏರಿದೆಯೇ ಎಂದು ಸೇರಿಸಿ ನೋಡಬೇಕು.

ಇದೇ ಚಿತ್ರದಲ್ಲಿ ಗ್ರಾಫ್ಟ್‌ನ ಕೆಳತುದಿಯನ್ನೂ ಅಳೆಯಿರಿ. ಡಿ-ಸೈನ್ (dSINE) ಎಂದು ಕರೆಯುವ ತೊಂದರೆ, ಅಂದರೆ ಗ್ರಾಫ್ಟ್‌ನ ಕೆಳತುದಿಯೇ ಪದರವನ್ನು ಚುಚ್ಚಿ ಹೊಸ ಸೀಳು ಮಾಡುವುದು, ಚೆನ್ನಾಗಿ ಕೂಡಿಕೊಳ್ಳುತ್ತಿದ್ದ ನಾಳವನ್ನು ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಕೆಡಿಸಬಲ್ಲದು. ಗ್ರಾಫ್ಟನ್ನು ಮೇಲಿನ ಆರೋಗ್ಯಕರ ಭಾಗಕ್ಕೆ ಹೊಂದುವಂತೆ ಆರಿಸುತ್ತಾರೆ. ಡಿಸೆಕ್ಷನ್‌ನಲ್ಲಿ ಓವರ್‌ಸೈಜಿಂಗ್ (ನಾಳಕ್ಕಿಂತ ದೊಡ್ಡ ಗ್ರಾಫ್ಟ್ ಆರಿಸುವುದು) ಶೇ. 10 ಮೀರದಂತೆ ನೋಡಿಕೊಳ್ಳುವುದು ವಾಡಿಕೆ, 30 ಮಿ.ಮೀ. ನಾಳಕ್ಕೆ 32ರ ಗ್ರಾಫ್ಟ್ ಎಂಬಂತೆ. ಆದರೆ ಕೆಳಗೆ ಅದು ಕೂರುವುದು ಚಪ್ಪಟೆಯಾದ ನಿಜನಾಳದಲ್ಲಿ. ಅಲ್ಲಿ ವಿಸ್ತೀರ್ಣದಿಂದ ಬಂದ ವ್ಯಾಸ 20 ಮಿ.ಮೀ. ಇದ್ದರೆ ನೇರ ಗ್ರಾಫ್ಟ್ ಶೇ. 60 ದೊಡ್ಡದಾಯಿತು. ಕೆಳಕ್ಕೆ ಕಿರಿದಾಗುವ ಟೇಪರ್ಡ್ ಗ್ರಾಫ್ಟ್ ಇದಕ್ಕೇ. ಅಳತೆಯ ವಿಧಾನವೂ ಲೆಕ್ಕವನ್ನು ಬದಲಿಸುತ್ತದೆ. 30 ಮತ್ತು 10 ಮಿ.ಮೀ. ಅಕ್ಷದ ಅಂಡಾಕಾರದ ನಿಜನಾಳಕ್ಕೆ ವಿಸ್ತೀರ್ಣದಿಂದ ಲೆಕ್ಕ ಹಾಕಿದರೆ ವ್ಯಾಸ ಸುಮಾರು 17 ಮಿ.ಮೀ., ಸುತ್ತಳತೆಯಿಂದ ಹಾಕಿದರೆ ಸುಮಾರು 21. ಯಾವ ವಿಧಾನ ಎಂದು ಬರೆಯದ ಸಂಖ್ಯೆಯನ್ನು ಹೋಲಿಕೆಗೆ ಬಳಸಲಾಗದು.

ಸಿ.ಟಿ. ಬಿಟ್ಟು ಬೇರೆ ಚಿತ್ರಗಳು

ಎಂ.ಆರ್.ಐ.ಗೆ ವಿಕಿರಣವಿಲ್ಲ. ಹಲವು ದಶಕ ಫಾಲೋ-ಅಪ್ ಬೇಕಾಗುವ ಚಿಕ್ಕ ವಯಸ್ಸಿನವರಿಗೆ, ಮಾರ್ಫನ್ ಇರುವವರಿಗೆ ಅದನ್ನು ಗಂಭೀರವಾಗಿ ಯೋಚಿಸಬೇಕು. ನಿಟಿನಾಲ್ (ನಿಕಲ್-ಟೈಟಾನಿಯಂ ಮಿಶ್ರಲೋಹ) ಸ್ಟೆಂಟ್‌ಗಳು ಎಂ.ಆರ್.ಐ.ಯಲ್ಲಿ ಸಾಕಷ್ಟು ಚೆನ್ನಾಗಿ ಕಾಣುತ್ತವೆ. ಹಳೆಯ ಸ್ಟೇನ್‌ಲೆಸ್ ಸ್ಟೀಲ್ ಚೌಕಟ್ಟಿನ ಗ್ರಾಫ್ಟ್ ಇದ್ದರೆ ಸುತ್ತಲಿನ ಚಿತ್ರ ಕಪ್ಪಾಗಿ ಅಳತೆಗೆ ಸಿಗುವುದಿಲ್ಲ. ಆದ್ದರಿಂದ ಬುಕ್ ಮಾಡುವ ಮೊದಲು ಇಂಪ್ಲಾಂಟ್ ಕಾರ್ಡ್ (ಯಾವ ಗ್ರಾಫ್ಟ್ ಹಾಕಿದ್ದಾರೆಂದು ಬರೆದ ಚೀಟಿ) ನೋಡಬೇಕು.

4ಡಿ ಫ್ಲೋ ಎಂ.ಆರ್.ಐ. ಹೃದಯದ ಪ್ರತಿ ಬಡಿತದಲ್ಲಿ ರಕ್ತ ಯಾವ ದಿಕ್ಕಿಗೆ, ಎಷ್ಟು ವೇಗದಲ್ಲಿ ಹೋಗುತ್ತದೆ ಎಂದು ತೋರಿಸುತ್ತದೆ. ಹುಸಿನಾಳಕ್ಕೆ ಹೋದ ರಕ್ತದಲ್ಲಿ ಎಷ್ಟು ಪಾಲು ಡಯಾಸ್ಟೋಲ್‌ನಲ್ಲಿ (ಹೃದಯ ಸಡಿಲಗೊಂಡಾಗ) ಅದೇ ಪ್ರವೇಶ ಸೀಳಿನಿಂದ ವಾಪಸು ಬರುತ್ತದೆ ಎಂಬ ಅಳತೆ ಬೆಳವಣಿಗೆಯ ವೇಗದೊಂದಿಗೆ ಹೊಂದಿಕೊಂಡಿದೆ ಎಂಬ ಆರಂಭಿಕ ವರದಿ ಆಸಕ್ತಿ ಹುಟ್ಟಿಸುವಂಥದ್ದು. ವಾಪಸು ಹರಿವು ಹೆಚ್ಚಿದ್ದರೆ ಹುಸಿನಾಳದಲ್ಲಿ ಒತ್ತಡ ಸಿಕ್ಕಿಕೊಂಡಿದೆ ಎಂದರ್ಥ. ಆದರೆ ರೋಗಿಗಳು ಕೆಲವರೇ. ಟೆವಾರ್‌ನಲ್ಲಿ ಆ ಪ್ರವೇಶ ಸೀಳನ್ನೇ ಮುಚ್ಚಿರುವುದರಿಂದ ಅಳತೆಯನ್ನು ಹಾಗೆಯೇ ತಂದು ಹಚ್ಚಲಾಗದು. ಹೊಟ್ಟೆಯ ಭಾಗ ನಿಧಾನಕ್ಕೆ ಬೆಳೆಯುತ್ತಿದ್ದು, ಯಾವ ಕೆಳಸೀಳನ್ನು ಮುಚ್ಚಿದರೆ ಉಪಯೋಗ ಎಂದು ತಿಳಿಯಬೇಕಾದಾಗ ಇದರ ಬೆಲೆ ಹೆಚ್ಚು.

ಅಲ್ಟ್ರಾಸೌಂಡ್ ಹೊಟ್ಟೆಯ ಭಾಗಕ್ಕಷ್ಟೇ. ಅಗ್ಗ, ಮತ್ತೆ ಮತ್ತೆ ಮಾಡಬಹುದು, ಎದೆಯ ಭಾಗ ಕಾಣದು. ಗಂಟಲಿನಿಂದ ಇಳಿಸುವ ಅಲ್ಟ್ರಾಸೌಂಡ್ ಆದ ಟಿ.ಇ.ಇ. ಆಪರೇಷನ್ ಟೇಬಲ್ ಮೇಲೆ ಬಹಳ ಉಪಯುಕ್ತ, ವರ್ಷ ವರ್ಷದ ಫಾಲೋ-ಅಪ್‌ಗೆ ಅಲ್ಲ. ಕಿಡ್ನಿ ತೀರಾ ದುರ್ಬಲವಾಗಿದ್ದು ಕಾಂಟ್ರಾಸ್ಟ್ ಬೇಡವೆನಿಸಿದರೆ ಕಾಂಟ್ರಾಸ್ಟ್ ಇಲ್ಲದ ಸಿ.ಟಿ. ಒಟ್ಟು ವ್ಯಾಸವನ್ನು ನಂಬುವಂತೆ ಕೊಡುತ್ತದೆ. ವ್ಯಾಸ ಏರಿದೆ ಎಂದು ಕಂಡ ಮೇಲೆ ಕಾಂಟ್ರಾಸ್ಟ್ ಬಗ್ಗೆ ಯೋಚಿಸಬಹುದು. ಏನನ್ನೂ ಮಾಡದೆ ಬಿಡುವುದಕ್ಕಿಂತ ಇದು ಎಷ್ಟೋ ಮೇಲು.

ರಕ್ತಪರೀಕ್ಷೆ, ಪೆಟ್

ಡಿ-ಡೈಮರ್ (ಹೆಪ್ಪು ಕರಗುವುದರ ಸೂಚಕ), ಸಿ.ಆರ್.ಪಿ. (ಉರಿಯೂತದ ಸೂಚಕ) ಪರೀಕ್ಷೆಗಳನ್ನು ಊಹೆಗೆ ಬಳಸುವ ಆಸೆ ಸಹಜ, ಎಲ್ಲ ಲ್ಯಾಬ್‌ನಲ್ಲೂ ಆಗುತ್ತವೆ. ತೊಡಕು ಅವುಗಳ ಸ್ವಭಾವದಲ್ಲೇ ಇದೆ. ಹೆಪ್ಪುಗಟ್ಟಿ ಕರಗುವಾಗ ಡಿ-ಡೈಮರ್ ಏರುತ್ತದೆ, ಆದರೆ ಹುಸಿನಾಳ ಹೆಪ್ಪುಗಟ್ಟಬೇಕೆಂದೇ ನಾವು ಬಯಸಿದ್ದು. ಒಳ್ಳೆಯ ಚೇತರಿಕೆಯೂ ಕೆಟ್ಟ ಚೇತರಿಕೆಯೂ ಅದನ್ನು ಏರಿಸಬಲ್ಲವು. ಗ್ರಾಫ್ಟ್ ಹಾಕಿದ ಮೊದಲ ದಿನಗಳಲ್ಲಿ ಜ್ವರ, ಬಿಳಿರಕ್ತಕಣ ಏರಿಕೆ, ಸಿ.ಆರ್.ಪಿ. ಏರಿಕೆ ಬರುವುದು ಸೋಂಕಿಲ್ಲದೆಯೂ ಸಾಮಾನ್ಯ. ಉರಿಯೂತ ಇರುವ ಜಾಗ ಬೆಳಗುವಂತೆ ತೋರಿಸುವ ಎಫ್.ಡಿ.ಜಿ. ಪೆಟ್ ಸ್ಕ್ಯಾನ್‌ಗೂ ಇದೇ ಕಷ್ಟ: ಹೊಸ ಗ್ರಾಫ್ಟ್ ಸುತ್ತ ಗೋಡೆ ಕೆಲವು ತಿಂಗಳು ಬೆಳಗಬಹುದು. ಗ್ರಾಫ್ಟ್ ಸೋಂಕಿನ ಅನುಮಾನ ಇದ್ದಾಗ ಪೆಟ್ ಸರಿ. ಚೇತರಿಕೆ ಊಹಿಸಲು ಅದರ ಖರ್ಚು ಸಮರ್ಥಿಸಲಾಗದು.

ಕಂಪ್ಯೂಟರ್ ಹರಿವಿನ ಲೆಕ್ಕ ಮತ್ತು ಸ್ಕೋರ್‌ಗಳು

ಸಿ.ಎಫ್.ಡಿ. ಎಂದರೆ ರೋಗಿಯ ಸಿ.ಟಿ.ಯಿಂದ ನಾಳದ ಮಾದರಿ ಕಟ್ಟಿ, ಒಳಗಿನ ಹರಿವನ್ನು ಸಮೀಕರಣಗಳಿಂದ ಲೆಕ್ಕ ಹಾಕುವುದು. ನಿಜನಾಳ ಮತ್ತು ಹುಸಿನಾಳದ ನಡುವಿನ ಒತ್ತಡದ ವ್ಯತ್ಯಾಸವನ್ನು ಇನ್ನೊಂದು ತೂತು ಹಾಕದೆ ಅಂದಾಜು ಮಾಡಬಹುದೆಂಬುದು ದೊಡ್ಡ ಆಕರ್ಷಣೆ. ಆದರೆ ಒಳಬರುವ ರಕ್ತದ ಪ್ರಮಾಣ, ಪ್ರತಿ ಕವಲಿನ ಹೊರಹರಿವು, ಗೋಡೆಯ ಬಿಗಿತ ಇವನ್ನು ಅನೇಕ ಸಲ ಊಹಿಸಿಯೇ ಹಾಕಬೇಕಾಗುತ್ತದೆ. ಗೋಡೆ ಅಲುಗದು ಎಂದು ಹಿಡಿದ ಮಾದರಿಗೂ ಅಲುಗುವ ಪದರ ಸೇರಿಸಿದ ಮಾದರಿಗೂ ಉತ್ತರ ಬೇರೆ. ಎಂಜಿನಿಯರಿಂಗ್ ತಂಡ ಜೊತೆಗಿರುವ ಸಂಶೋಧನಾ ಕೇಂದ್ರಗಳಿಗೆ ಇದು ಸರಿ. ವಾರ್ಡಿನ ನಿರ್ಧಾರ ಇದರ ಮೇಲೆ ನಿಲ್ಲಬಾರದು.

ಸ್ಕೋರ್‌ಗಳನ್ನು, ನೋಮೋಗ್ರಾಮ್‌ಗಳನ್ನು (ಅಪಾಯ ಲೆಕ್ಕ ಹಾಕುವ ಚಾರ್ಟ್‌ಗಳನ್ನು), ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ತೂಗುವಾಗ ಎ.ಯು.ಸಿ. (ಮಾದರಿ ಎಷ್ಟು ಚೆನ್ನಾಗಿ ಬೇರ್ಪಡಿಸುತ್ತದೆ ಎಂಬ) ಸಂಖ್ಯೆ ನೋಡಿ ಮರುಳಾಗಬೇಡಿ. ಎಷ್ಟು ಜನರಲ್ಲಿ ನಿಜವಾಗಿ ಕೆಟ್ಟ ಫಲ ಬಂದಿತ್ತು ಎಂದು ನೋಡಿ. 200 ರೋಗಿಗಳಲ್ಲಿ 24 ಮಂದಿಗಷ್ಟೇ ತೊಂದರೆ ಆಗಿದ್ದರೆ, ಒಂದು ಅಂಶಕ್ಕೆ ಹತ್ತು ಘಟನೆ ಎಂಬ ಹಳೆಯ ಲೆಕ್ಕದಲ್ಲಿ ಎರಡು ಅಂಶಕ್ಕಿಂತ ಹೆಚ್ಚು ಹೊರಲಾಗದು. ಅದರಲ್ಲಿ ನೂರಾರು ರೇಡಿಯೋಮಿಕ್ಸ್ (ಚಿತ್ರದಿಂದ ಕಂಪ್ಯೂಟರ್ ತೆಗೆದ) ಲಕ್ಷಣ ತುರುಕಿದರೆ ಆ ರೋಗಿಗಳನ್ನು ಬಾಯಿಪಾಠ ಮಾಡಿದ ಮಾದರಿ ಸಿಗುತ್ತದೆ, ಮುಂದಿನ ರೋಗಿಗೆ ಅದು ಕೆಲಸ ಮಾಡುವುದಿಲ್ಲ. ಬೇರೆ ಆಸ್ಪತ್ರೆಯ ರೋಗಿಗಳ ಮೇಲೆ ಪರೀಕ್ಷಿಸಿದ್ದಾರೆಯೇ? ಸ್ಟೆಂಟ್‌ಗೆ ಮುಂಚೆ ಬಳಸಬೇಕಾದ ಮಾದರಿಯೊಳಗೆ ಸ್ಟೆಂಟ್ ನಂತರ ಮಾತ್ರ ತಿಳಿಯುವ ಮಾಹಿತಿ ನುಸುಳಿದೆಯೇ?

ಇನ್ನೊಂದು ಲೆಕ್ಕ ಕೈಯಲ್ಲೇ ಹಾಕಿ ನೋಡಬಹುದು. ಮಾದರಿಯ ಸೆನ್ಸಿಟಿವಿಟಿ (ತೊಂದರೆ ಬರುವವರನ್ನು ಹಿಡಿಯುವ ಪ್ರಮಾಣ), ಸ್ಪೆಸಿಫಿಸಿಟಿ (ಬಾರದವರನ್ನು ಬಿಡುವ ಪ್ರಮಾಣ) ಎರಡೂ ಶೇ. 80 ಎಂದಿಟ್ಟುಕೊಳ್ಳಿ. ನೂರರಲ್ಲಿ 20 ಜನರಿಗೆ ಕೆಟ್ಟ ಫಲ ಬರುವ ಆಸ್ಪತ್ರೆಯಲ್ಲಿ ಅದು 16 ಜನರನ್ನು ಸರಿಯಾಗಿ ಹಿಡಿಯುತ್ತದೆ, ಉಳಿದ 80ರಲ್ಲಿ 16 ಜನರನ್ನು ಸುಮ್ಮನೆ ಹೆದರಿಸುತ್ತದೆ. "ಅಪಾಯ" ಎಂದ 32 ಜನರಲ್ಲಿ ಅರ್ಧ ಮಾತ್ರ ನಿಜ. "ಪರವಾಗಿಲ್ಲ" ಎಂದ 68ರಲ್ಲಿ 64 ಸರಿ. ಇಂಥ ಸ್ಕೋರ್ ಯಾರಿಗೆ ಬೇಗ ಮತ್ತೊಂದು ಸಿ.ಟಿ. ಬೇಕು ಎಂದು ಆರಿಸಲು ಸಾಕು. ಇನ್ನೊಂದು ಆಪರೇಷನ್‌ಗೆ ಅದೊಂದೇ ಆಧಾರವಾಗಬಾರದು.

ಊಹೆಯಿಂದ ಏನು ಬದಲಾಗಬೇಕು

ಸಾಮಾನ್ಯ ಕ್ರಮ 1, 6, 12ನೆಯ ತಿಂಗಳಿಗೆ ಸಿ.ಟಿ., ಆಮೇಲೆ ವರ್ಷಕ್ಕೊಮ್ಮೆ. ಹೊಟ್ಟೆಯ ಎರಡಕ್ಕಿಂತ ಹೆಚ್ಚು ಕವಲು ಹುಸಿನಾಳದಿಂದ ಹೊರಟವರು, ಮೊದಲ ತಿಂಗಳಲ್ಲಿ ಸ್ಟೆಂಟ್ ಪಕ್ಕದ ಹುಸಿನಾಳ ತೆರೆದಿದ್ದವರು, ಕ್ರಾನಿಕ್ ಹಂತದಲ್ಲಿ ಸ್ಟೆಂಟ್ ಹಾಕಿಸಿಕೊಂಡವರು, ಆನುವಂಶಿಕ ಕಾಯಿಲೆಯವರು, ಕೆಳತುದಿಯ ಗ್ರಾಫ್ಟ್ ತೀರಾ ದೊಡ್ಡದಾದವರು: ಇವರಿಗೆ 3ನೆಯ ತಿಂಗಳಿಗೂ ಒಂದು, ಆಮೇಲೆ ಆರು ತಿಂಗಳಿಗೊಂದು ಎಂದು ಬಿಗಿಗೊಳಿಸುವುದು ನಮ್ಮ ಸಲಹೆ. ಎರಡು ಸಿ.ಟಿ.ಯಲ್ಲಿ ಒಂದೇ ಭಾಗ 5 ಮಿ.ಮೀ. ಬೆಳೆದರೆ, ಅಥವಾ ಇಳಿಮುಖ ಭಾಗ 55 ಮಿ.ಮೀ. ತಲುಪಿದರೆ ನಾಳ ತಜ್ಞರ ತಂಡದ ಮುಂದೆ ಚಿತ್ರ ಇಡಬೇಕು.

ಮುಂದಿನ ಚಿಕಿತ್ಸೆಯ ಆಯ್ಕೆ ರಕ್ತ ಎಲ್ಲಿಂದ ಬರುತ್ತಿದೆ ಎಂಬುದರ ಮೇಲೆ ನಿಂತಿದೆ. ಗ್ರಾಫ್ಟನ್ನು ಸೀಲಿಯಾಕ್‌ವರೆಗೆ ಉದ್ದ ಮಾಡಿದರೆ ಎದೆಯ ಭಾಗ ಚೆನ್ನಾಗಿ ಕೂಡಬಹುದು, ಆದರೆ ಬೆನ್ನುಹುರಿಯ ರಕ್ತನಾಳಗಳು ಮುಚ್ಚಿ ಕಾಲುಗಳ ಸ್ವಾಧೀನ ತಪ್ಪುವ ಅಪಾಯ ಏರುತ್ತದೆ. ಸುಮಾರು 200 ಮಿ.ಮೀ.ಗಿಂತ ಉದ್ದ ಮುಚ್ಚುವಾಗ, ಎಡ ಸಬ್‌ಕ್ಲೇವಿಯನ್ ಮುಚ್ಚಿರುವಾಗ, ಹಿಂದೆ ಹೊಟ್ಟೆಯ ಮಹಾಪಧಮನಿಗೆ ಆಪರೇಷನ್ ಆಗಿರುವಾಗ ಇದನ್ನು ಇನ್ನಷ್ಟು ತೂಗಬೇಕು. ಕೆಳಗೆ ಬಟ್ಟೆಯಿಲ್ಲದ ಸ್ಟೆಂಟ್ ಸೇರಿಸುವ ಪೆಟಿಕೋಟ್ ವಿಧಾನ ನಿಜನಾಳವನ್ನು ಅರಳಿಸುತ್ತದೆ, ಹೊಟ್ಟೆಯ ಹುಸಿನಾಳವನ್ನು ಮುಚ್ಚಿಸುವುದು ಅಪರೂಪ. ಕ್ರಾನಿಕ್ ಹಂತದಲ್ಲಿ ಕೆಳಗಿನಿಂದ ಏರುವ ಹರಿವನ್ನು ಹುಸಿನಾಳದೊಳಗೇ ತಡೆಯಲು ಕ್ಯಾಂಡಿ ಪ್ಲಗ್, ಕಾಯಿಲ್‌ಗಳಿವೆ. ಹೊಟ್ಟೆಯ ಭಾಗವೇ ಊದಿದಾಗ ಕವಲುಗಳಿರುವ ಗ್ರಾಫ್ಟ್ ಅಥವಾ ತೆರೆದ ಶಸ್ತ್ರಚಿಕಿತ್ಸೆ.

ಯಾವ ಸ್ಕೋರ್ ಬಂದರೂ ಬಿ.ಪಿ. 130/80ರ ಕೆಳಗಿರಬೇಕು, ಬೀಟಾ ಬ್ಲಾಕರ್ ತಾನಾಗಿ ನಿಲ್ಲಿಸಬಾರದು, ಬೀಡಿ ಸಿಗರೇಟು ಬಿಡಬೇಕು. ಸಿಪ್ರೋಫ್ಲಾಕ್ಸಸಿನ್, ಲೆವೋಫ್ಲಾಕ್ಸಸಿನ್ ಗುಂಪಿನ ಆಂಟಿಬಯಾಟಿಕ್‌ಗಳ ಬಗ್ಗೆ ಅಮೆರಿಕದ ಎಫ್.ಡಿ.ಎ. 2018ರಲ್ಲಿ ಎಚ್ಚರಿಸಿದೆ. ಬೇರೆ ದಾರಿ ಇದ್ದರೆ ಮಹಾಪಧಮನಿಯ ತೊಂದರೆ ಇರುವವರಿಗೆ ಅವು ಬೇಡ. ಮೂತ್ರದ ಸೋಂಕಿಗೆ, ಭೇದಿಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತರುವಾಗ ಇದನ್ನು ಹೇಳಬೇಕು.

ಮನೆಯವರು ಪ್ರತಿ ಸಿ.ಟಿ.ಯ ಫಿಲಂ ಮಾತ್ರ ಇಟ್ಟುಕೊಂಡರೆ ಸಾಲದು. ಡೈಕಾಮ್ ಫೈಲ್‌ಗಳಿರುವ (ಸ್ಕ್ಯಾನ್‌ನ ಮೂಲ ಡಿಜಿಟಲ್ ಚಿತ್ರಗಳಿರುವ) ಸಿ.ಡಿ. ಅಥವಾ ಪೆನ್‌ಡ್ರೈವ್ ಕೇಳಿ ಪಡೆದು, ದಿನಾಂಕ ಬರೆದು, ಸ್ಟೆಂಟ್‌ಗೆ ಮುಂಚಿನದನ್ನೂ ಸೇರಿಸಿ ಇಂಪ್ಲಾಂಟ್ ಕಾರ್ಡಿನೊಂದಿಗೆ ಇಡಿ. ಫಿಲಂ ಮೇಲೆ ನಡುರೇಖೆಗೆ ಲಂಬವಾಗಿ ಮರು ಅಳೆಯಲಾಗದು, ಘನಗಾತ್ರ ತೆಗೆಯಲಾಗದು. ಎದೆ, ಬೆನ್ನಿನಲ್ಲಿ ಹೊಸ ನೋವು, ಕೆಮ್ಮಿದಾಗ ರಕ್ತ, ದನಿ ಒಡೆಯುವುದು, ಕಾಲಿನಲ್ಲಿ ಶಕ್ತಿ ಕುಂದುವುದು, ಊಟವಾದೊಡನೆ ಹೊಟ್ಟೆನೋವು ಕಂಡರೆ ಮುಂದಿನ ಸಿ.ಟಿ.ಯ ದಿನಾಂಕ ಕಾಯದೆ, ಆ ಸಿ.ಡಿ. ಹಿಡಿದು ಅದೇ ದಿನ ಗ್ರಾಫ್ಟ್ ಹಾಕುವ ಸೌಲಭ್ಯ ಇರುವ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.